ಪ್ರಶ್ನೆಯೂ ಉತ್ತರವೂ: ರ. ಧೋಂ. ಕರ್ವೆ ಮತ್ತು ‘ಸಮಾಜಸ್ವಾಸ್ಥ್ಯ’

ಮುಂಬಯಿ ಇಲಾಖೆಯ ಸಮಾಜಸುಧಾರಣೆಯ ಚರಿತ್ರೆಯನ್ನು ಬರೆದವರೆಲ್ಲರೂ ವಿಧವಾವಿವಾಹ, ಸ್ತ್ರೀಶಿಕ್ಷಣ, ಅಸ್ಪೃಶ್ಯತಾನಿವಾರಣ ಎಂಬ ಮೂರು ಪ್ರಕರಣಗಳನ್ನು ವಿಸ್ತಾರವಾಗಿ ನಿರೂಪಿಸಿರುವರು. ನಾಲ್ಕನೆಯ ಪ್ರಕರಣವೊಂದುಂಟು. ಅದು ಸ್ತ್ರೀಪುರುಷರ ಶರೀರಸಂಬಂಧವಾದ ತಿಳಿವಳಿಕೆಯ ಪ್ರಕರಣ. ಚರಿತ್ರಕಾರರು ಬಹುಕಾಲ ಇದನ್ನು ಅಡಿಟಿಪ್ಪಣಿಯಲ್ಲಿಯೇ ಮುಗಿಸಿಬಿಟ್ಟರು. ಕಾರಣ ಊಹಿಸುವುದು ಕಷ್ಟವಲ್ಲ. ಈ ವಿಷಯವನ್ನೆತ್ತಿದವನು ಸಭೆಯಲ್ಲಿ ನಗೆಗೀಡಾಗುತ್ತಾನೆ, ಇಲ್ಲವೆ ಸಂಶಯಕ್ಕೀಡಾಗುತ್ತಾನೆ. ಆದರೆ ರೋಗ, ಹೆರಿಗೆ, ಮರಣ, ಭಯ, ಅಜ್ಞಾನ ಇವು ಯಾರ ಸಂಕೋಚಕ್ಕೂ ಕಾದು ನಿಲ್ಲತಕ್ಕವುಗಳಲ್ಲ. ಈ ಸಂಕೋಚವನ್ನು ಬದಿಗಿಟ್ಟು ಮೂವತ್ತು ವರ್ಷಗಳಿಗೂ ಮಿಕ್ಕಿ ದುಡಿದ ರಘುನಾಥ ಧೋಂಡೋ ಕರ್ವೆಯವರ ಕಾರ್ಯವನ್ನೂ, ಅವರ ‘ಸಮಾಜಸ್ವಾಸ್ಥ್ಯ’ ಎಂಬ ಮರಾಠಿ ಮಾಸಪತ್ರಿಕೆಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ನಡೆದುದು ನಾವು ಬಾಳುವೆ ಮಾಡುತ್ತಿರುವ ಈ ನಗರದಲ್ಲಿಯೇ. ಇದು ಎತ್ತುವ ಪ್ರಶ್ನೆಯಾದರೋ ದೇಶಭಾಷೆಗಳೆಲ್ಲಕ್ಕೂ, ಆದುದರಿಂದ ಕನ್ನಡಕ್ಕೂ, ಸಮಾನವಾದುದು.

ರಘುನಾಥರಾಯರು ೧೮೮೨ನೆಯ ಇಸವಿ ಜನವರಿ ೧೪ರಂದು ಜನಿಸಿದರು. ತಂದೆ ಮಹರ್ಷಿ ಧೋಂಡೋ ಕೇಶವ ಕರ್ವೆ. ವಿಧವೆಯರಿಗೆ ಆಶ್ರಮ ಕಟ್ಟಿ, ೧೯೧೬ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿ, ೧೯೫೮ರಲ್ಲಿ ‘ಭಾರತರತ್ನ’ರೆನಿಸಿದ ಮಹನೀಯರು ಅವರೇ. ತಾಯಿ ರಾಧಾಬಾಯಿಯವರು ೧೮೯೧ರಲ್ಲಿ ಹೆರಿಗೆಯ ಕಾಲದಲ್ಲಿ ತೀರಿಕೊಂಡರು. ಆಗ ಬಾಲಕನಿಗೆ ಒಂಬತ್ತು ವರ್ಷ. ಮುಂದೆ ಆತನು ಆಯ್ದುಕೊಂಡ ದಾರಿಗೆ ಈ ಒಂದು ಮರಣವೇ ಕಾರಣವೆಂದು ಹೇಳುವುದು ಸಾಹಸದ ಮಾತಾದೀತು. ಆದರೆ ಆ ಕಾಲದ ನಮ್ಮ ಮನೆಗಳಲ್ಲಿ ಹೆರಿಗೆಯೆಂಬುದು ಎಷ್ಟು ಅಗ್ಗದ ಮರಣಕ್ಕೆ ದಾರಿಯಾಗಿದ್ದಿತೆಂಬುದನ್ನು ಆತನಿಗೆ ಯಾರೂ ಪುಸ್ತಕದಿಂದ ಕಲಿಸಬೇಕಾಗಿರಲಿಲ್ಲ.

ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ ಓದಿ ೧೮೯೯ರ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿದ ಅವರು ೧೯೦೪ರಲ್ಲಿ ಫರ್ಗ್ಯುಸನ್ ಕಾಲೇಜಿನಿಂದ ಪದವೀಧರರಾದರು. ಅವರ ಶಾಸ್ತ್ರ ಗಣಿತ. ಪ್ಯಾರಿಸಿಗೆ ಹೋಗಿ ಅಲ್ಲಿಯೂ ಗಣಿತವನ್ನು ಅಭ್ಯಸಿಸಿ ಬಂದರು. ಫ್ರೆಂಚ್ ಭಾಷೆ ಕೈವಶವಾದುದರಿಂದ ಯೂರೋಪಿನ ಹೊಸ ಗ್ರಂಥಗಳು ಅವರಿಗೆ ನೇರವಾಗಿ ತೆರೆದುಕೊಂಡವು. ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದಾಗಲೇ, ೧೯೨೧ರಲ್ಲಿ, ಅವರು ಈ ನಗರದಲ್ಲಿ ಸಂತತಿನಿಯಮನ ಕೇಂದ್ರವೊಂದನ್ನು ತೆರೆದರು. ಮೇರಿ ಸ್ಟೋಪ್ಸ್ ಲಂಡನ್ನಿನಲ್ಲಿ ತನ್ನ ಚಿಕಿತ್ಸಾಲಯವನ್ನು ತೆರೆದುದೂ ಅದೇ ವರ್ಷದಲ್ಲಿ. ವಿದೇಶದಲ್ಲಿ ಒಂದು ವಿಚಾರವು ಹಳತಾದ ಮೇಲೆ ನಮ್ಮಲ್ಲಿಗೆ ಬರುವುದೆಂಬ ಸಾಮಾನ್ಯ ನಂಬಿಕೆಗೆ ಇದೊಂದು ಅಪವಾದ. ೧೯೨೩ರಲ್ಲಿ ಸಂತತಿನಿಯಮನವನ್ನು ಕುರಿತ ಅವರ ಮರಾಠಿ ಗ್ರಂಥ ಹೊರಬಂದಿತು. ಕಾಲೇಜಿನ ಆಡಳಿತದವರಿಗೆ ಇದು ಸಹ್ಯವಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಪ್ರಾಧ್ಯಾಪಕತ್ವವೋ ಪ್ರಚಾರಕಾರ್ಯವೋ ಎಂಬ ಆಯ್ಕೆ ಎದುರಾದಾಗ ಕರ್ವೆಯವರು ಪ್ರಾಧ್ಯಾಪಕತ್ವವನ್ನು ಬಿಟ್ಟರು. ತಿಂಗಳ ಮೊದಲ ತಾರೀಖಿನ ಸಂಬಳದ ಮೇಲೆ ಸಂಸಾರ ಸಾಗಿಸುವ ನಮ್ಮಂಥವರು ಈ ವಾಕ್ಯವನ್ನು ನಿಧಾನವಾಗಿ ಓದಬೇಕು. ಅವರ ಪತ್ನಿ ಮಾಲತಿಬಾಯಿಯವರು ಈ ಎಲ್ಲ ಕಷ್ಟದಲ್ಲಿಯೂ ಜತೆಗಾರ್ತಿಯಾಗಿ ನಿಂತರು. ತಾವು ಬೋಧಿಸಿದುದನ್ನು ತಾವೇ ಆಚರಿಸಿ, ಆ ದಂಪತಿಗಳು ಮಕ್ಕಳನ್ನು ಬೇಡವೆಂದು ನಿರ್ಧರಿಸಿದ್ದರು.

ಕರ್ವೆಯವರು ಎದುರಿಸಿದ ಕಾಲ ಎಂತಹುದೆಂಬುದನ್ನು ಸ್ವಲ್ಪ ತಿಳಿಯಬೇಕು. ಸರಕಾರವು ಗುಪ್ತರೋಗಗಳ ವಿಷಯದಲ್ಲಿ ಮಾಡಿದ್ದ ಮೊದಲ ದೊಡ್ಡ ಕಾಯದೆ ೧೮೬೮ರದು. ಗೋರಾ ಸೈನಿಕರ ಆರೋಗ್ಯವನ್ನು ಕಾಯುವ ಸಲುವಾಗಿ ವೇಶ್ಯೆಯರನ್ನು ಹೆಸರು ದಾಖಲಿಸಿ, ಬಲವಂತವಾಗಿ ಪರೀಕ್ಷಿಸಲು ಅದು ಏರ್ಪಾಡು ಮಾಡಿತು. ಪುರುಷನನ್ನು ಪರೀಕ್ಷಿಸುವ ಮಾತು ಅದರಲ್ಲಿರಲಿಲ್ಲ. ೧೮೮೮ರಲ್ಲಿ ಆ ಕಾಯದೆ ರದ್ದಾಯಿತು. ಆದರೆ ರೋಗವನ್ನು ಸ್ತ್ರೀಯ ಪಾಪವೆಂದೂ ಪುರುಷನ ದುರದೃಷ್ಟವೆಂದೂ ಎಣಿಸುವ ಬುದ್ಧಿ ರದ್ದಾಗಲಿಲ್ಲ. ಇನ್ನೊಂದು ಕಡೆ, ವೃತ್ತಪತ್ರಿಕೆಗಳ ಜಾಹೀರಾತುಗಳಲ್ಲಿ ಧಾತುಪುಷ್ಟಿಯ ಲೇಹ್ಯ ಗುಳಿಗೆಗಳು ವಿಜೃಂಭಿಸುತ್ತಿದ್ದವು. ವೀರ್ಯನಾಶವೇ ಸರ್ವನಾಶವೆಂಬ ಭಯವನ್ನು ಬಿತ್ತಿ, ಆ ಭಯವನ್ನೇ ಬೆಳೆಯಾಗಿ ಕೊಯ್ಯುವ ವ್ಯಾಪಾರವದು. ಮೂರನೆಯದಾಗಿ, ದೇಶದ ಅತ್ಯಂತ ಗೌರವಾನ್ವಿತ ವಾಣಿಯೇ ಬ್ರಹ್ಮಚರ್ಯದ ಪಕ್ಷದಲ್ಲಿದ್ದಿತು. ೧೯೩೫ರ ಡಿಸೆಂಬರಿನಲ್ಲಿ ಅಮೇರಿಕೆಯ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ಚರ್ಚಿಸಿದಾಗಲೂ ಗಾಂಧೀಜಿಯವರು ಕೃತಕ ಸಾಧನಗಳನ್ನೊಪ್ಪದೆ ಸಂಯಮವೊಂದನ್ನೇ ಮಾರ್ಗವೆಂದರು. ಕರ್ವೆಯವರ ಪಕ್ಷ ಇದಕ್ಕೆ ನೇರ ವಿರುದ್ಧವಾದುದು. ಕಾಮವು ಹಸಿವಿನಂತೆ ಸಹಜವಾದುದು, ಅದಕ್ಕೂ ಸಂತಾನಕ್ಕೂ ಇರುವ ಕಟ್ಟನ್ನು ವಿಜ್ಞಾನವು ಬಿಡಿಸಬಲ್ಲದು, ಸುಖದಲ್ಲಿ ಸ್ತ್ರೀಗೆ ಪುರುಷನಷ್ಟೇ ಅಧಿಕಾರವುಂಟು, ಬಸಿರನ್ನು ಬೇಡವೆನ್ನುವ ಅಧಿಕಾರವೂ ಆಕೆಯದೇ ಎಂಬುದು ಅವರ ಸಿದ್ಧಾಂತದ ಸಾರ.

ಈ ಸಿದ್ಧಾಂತದ ವಾಹನವಾಗಿ ೧೯೨೭ರ ಜುಲೈ ತಿಂಗಳಿನಲ್ಲಿ ‘ಸಮಾಜಸ್ವಾಸ್ಥ್ಯ’ ಹುಟ್ಟಿತು. ೧೯೫೩ರ ನವೆಂಬರಿನವರೆಗೆ ಅದು ನಡೆಯಿತು. ಸಂತತಿನಿಯಮನದ ಸಾಧನಗಳು, ಗುಪ್ತರೋಗಗಳಿಂದ ರಕ್ಷಣೆ, ವೇಶ್ಯಾವೃತ್ತಿಯ ಕಾರಣಗಳು, ವಿವಾಹಸಂಸ್ಥೆಯ ಗುಣದೋಷಗಳು, ನಗ್ನತೆ ಮತ್ತು ನೀತಿ ಇವೆಲ್ಲವೂ ಅದರಲ್ಲಿ ಚರ್ಚೆಗೆ ಬಂದವು. ಮುಖಪುಟದಲ್ಲಿ ನಗ್ನಸ್ತ್ರೀಯ ಚಿತ್ರವಿರುತ್ತಿದ್ದುದರಿಂದ ಪತ್ರಿಕೆಯನ್ನು ತೆರೆಯದೆಯೇ ಖಂಡಿಸಲು ಅನೇಕರಿಗೆ ಅನುಕೂಲವಾಯಿತು. ಆದರೆ ಇತಿಹಾಸದ ದೃಷ್ಟಿಯಿಂದ ಅದರ ಅತ್ಯಂತ ಬೆಲೆಯುಳ್ಳ ಭಾಗವೆಂದರೆ ವಾಚಕರ ಪ್ರಶ್ನೆಗಳೂ ಅವುಗಳಿಗೆ ಸಂಪಾದಕರು ಕೊಟ್ಟ ಉತ್ತರಗಳೂ. ಈ ಪತ್ರವ್ಯವಹಾರವನ್ನೇ ವಸ್ತುವಾಗಿಟ್ಟುಕೊಂಡು ಶ್ರೀಕಾಂತ ಬೋತ್ರೆ ಮತ್ತು ಡಗ್ಲಾಸ್ ಹೇನ್ಸ್ ಎಂಬ ವಿದ್ವಾಂಸರು ೧೯೨೭ರಿಂದ ೧೯೫೩ರವರೆಗಿನ ಸಂಚಿಕೆಗಳನ್ನು ಪರಿಶೀಲಿಸಿ ೨೦೧೭ರಲ್ಲಿ ಪ್ರಬಂಧವನ್ನು ಪ್ರಕಟಿಸಿರುವರು. ಪಶ್ಚಿಮ ಭಾರತದ ಮಧ್ಯಮವರ್ಗದ ಪುರುಷರ ಮನಸ್ಸಿನಲ್ಲಿ ಮನೆಮಾಡಿದ್ದ ಕಳವಳಗಳ ಚಿತ್ರ ಅಲ್ಲಿ ಮೊದಲ ಬಾರಿಗೆ ವ್ಯವಸ್ಥಿತವಾಗಿ ದೊರೆಯುತ್ತದೆ.

ಏನು ಆ ಕಳವಳಗಳು? ಹಸ್ತಮೈಥುನದಿಂದ ಹುಚ್ಚು ಹಿಡಿಯುವುದೆ, ಸ್ವಪ್ನಸ್ಖಲನದಿಂದ ಆಯುಸ್ಸು ಕ್ಷೀಣಿಸುವುದೆ, ತಾನು ಮದುವೆಗೆ ಯೋಗ್ಯನೆ, ಹೆಂಡತಿಯನ್ನು ತೃಪ್ತಿಪಡಿಸಬಲ್ಲೆನೆ, ಮಕ್ಕಳು ಸಾಕೆಂದರೆ ಏನು ಮಾಡಬೇಕು—ಇವೇ ಮೊದಲಾದುವು. ಇವು ಶಾಸ್ತ್ರಗ್ರಂಥಗಳಲ್ಲಿಲ್ಲದ, ನ್ಯಾಯಾಲಯದ ತೀರ್ಪುಗಳಲ್ಲಿಲ್ಲದ, ಮಹಾಪುರುಷರ ಆತ್ಮಚರಿತ್ರೆಗಳಲ್ಲಿಯೂ ವಿರಳವಾದ ಸಂಗತಿಗಳು. ಬ್ಯಾಂಕಿನ ಲೆಕ್ಕದಲ್ಲಿ, ಯಾವ ಖಾತೆಗೆ ಸೇರತಕ್ಕದ್ದೆಂದು ಗೊತ್ತಾಗದ ರಕಮನ್ನು ಸಸ್ಪೆನ್ಸ್ ಖಾತೆಯಲ್ಲಿ ಹಾಕಿಡುವ ರೂಢಿಯುಂಟು. ಅದನ್ನು ಎಂದಾದರೊಂದು ದಿನ ತೆಗೆದು ಸರಿಪಡಿಸಲೇಬೇಕು, ಇಲ್ಲವಾದರೆ ಲೆಕ್ಕಪರಿಶೋಧಕನು ಬಿಡುವುದಿಲ್ಲ. ನಮ್ಮ ಸಮಾಜವು ತನ್ನ ಶರೀರಸಂಬಂಧವಾದ ಪ್ರಶ್ನೆಗಳನ್ನೆಲ್ಲ ತಲೆಮಾರುಗಳಿಂದ ಇಂತಹುದೇ ಖಾತೆಯಲ್ಲಿ ಹಾಕುತ್ತ ಬಂದಿದ್ದಿತು. ಕರ್ವೆಯವರು ಅದನ್ನು ತೆರೆದು ಒಂದೊಂದೇ ಬಾಬನ್ನು ಓದಲು ಕುಳಿತರು.

ಉತ್ತರ ಕೊಡುವಲ್ಲಿ ಅವರ ರೀತಿ ಗಣಿತಜ್ಞನದು. ಇದರಿಂದ ಯಾರಿಗಾದರೂ ಹಾನಿಯುಂಟೆ? ಹಾನಿಗೆ ಪ್ರಮಾಣವೇನು? ಪ್ರಮಾಣವಿಲ್ಲದಿದ್ದರೆ ಪಾಪವೆಂದು ಕರೆಯುವ ಅಧಿಕಾರ ಯಾರಿಗೆ? ಈ ಮೂರು ಮೆಟ್ಟಿಲುಗಳಲ್ಲಿ ಅವರ ವಾದ ಮುಗಿಯುತ್ತಿದ್ದಿತು. ಸಾಂತ್ವನದ ಮೃದುತ್ವ ಅವರ ಬರಹದಲ್ಲಿ ಕಡಿಮೆ, ವ್ಯಂಗ್ಯ ಹೆಚ್ಚು. ಆದರೂ ಹೆದರಿದ ಒಬ್ಬ ತರುಣನಿಗೆ ‘ನಿನಗೆ ಯಾವ ರೋಗವೂ ಇಲ್ಲ’ ಎಂಬ ಸಾರದ ಎರಡು ಸಾಲಿನ ಉತ್ತರಕ್ಕಿಂತ ದೊಡ್ಡ ಔಷಧ ಯಾವುದಿದ್ದೀತು? ೧೯೩೪ರಲ್ಲಿ ಪ್ರಕಟವಾದ ತಮ್ಮ ಗ್ರಂಥಕ್ಕೆ ‘ಆಧುನಿಕ ಕಾಮಶಾಸ್ತ್ರ’ ಎಂದು ಅವರು ಹೆಸರಿಟ್ಟುದು ಗಮನಾರ್ಹ. ಶಾಸ್ತ್ರವೆಂಬ ಹಳೆಯ ಗೌರವದ ಪದವನ್ನುಳಿಸಿಕೊಂಡು, ಅದರ ಪ್ರಮಾಣವನ್ನು ಋಷಿವಾಕ್ಯದಿಂದ ವೈದ್ಯಕೀಯ ಅನುಭವಕ್ಕೆ ಅವರು ವರ್ಗಾಯಿಸಿದರು.

ಈ ಆಕರದ ಮಿತಿಗಳನ್ನೂ ಹೇಳುವುದು ನ್ಯಾಯ. ಬರೆಯಬಲ್ಲವರು, ಮರಾಠಿ ಪತ್ರಿಕೆಯನ್ನು ಕೊಂಡು ಓದಬಲ್ಲವರು ಮಾತ್ರ ಪ್ರಶ್ನಿಸಿದರು. ಅವರಲ್ಲಿ ಹೆಚ್ಚಿನವರು ಪುರುಷರು, ಅದರಲ್ಲಿಯೂ ಮೇಲುಜಾತಿಯ ಮಧ್ಯಮವರ್ಗದವರು. ಗಿರಣಿಯ ಚಾಳಿನಲ್ಲಿ ಆರನೆಯ ಬಸಿರನ್ನು ಹೊತ್ತ ಹೆಂಗಸಿನ ಪ್ರಶ್ನೆ ಅಂಚೆಯ ಮೂಲಕ ಬರುವುದು ಸಾಧ್ಯವಿರಲಿಲ್ಲ. ಹಾಗೆಯೇ, ಯೋಗ್ಯ ಸಂತಾನ ಅಯೋಗ್ಯ ಸಂತಾನವೆಂದು ಜನರನ್ನು ವಿಂಗಡಿಸುವ ಸುಪ್ರಜಾಶಾಸ್ತ್ರದ ಛಾಯೆ ಆ ಕಾಲದ ಸಂತತಿನಿಯಮನದ ಚಳವಳಿಯ ಮೇಲೆಲ್ಲ ಬಿದ್ದಿದ್ದಿತು. ಆ ಶಾಸ್ತ್ರ ಮುಂದೆ ಯೂರೋಪಿನಲ್ಲಿ ಯಾವ ಘೋರಕ್ಕೆ ಒದಗಿತೆಂಬುದನ್ನು ಬಲ್ಲ ನಾವು ಆ ಪುಟಗಳನ್ನು ಎಚ್ಚರದಿಂದ ಓದಬೇಕಾಗುತ್ತದೆ. ಆದರೆ ಕರ್ವೆಯವರ ವಾದದ ಕೇಂದ್ರದಲ್ಲಿದ್ದುದು ಜನಾಂಗವಲ್ಲ, ವ್ಯಕ್ತಿ. ಅದರಲ್ಲಿಯೂ ಸ್ತ್ರೀ. ಸಮಕಾಲೀನರಿಂದ ಅವರನ್ನು ಬೇರ್ಪಡಿಸುವ ಗುಣವಿದು.

ಇನ್ನು ಮೊಕದ್ದಮೆಗಳ ವಿಚಾರ. ವ್ಯಭಿಚಾರದ ಪ್ರಶ್ನೆಯನ್ನು ಕುರಿತ ಲೇಖನವೊಂದರ ಸಲುವಾಗಿ ೧೯೩೧ರಲ್ಲಿ ಅವರ ಮೇಲೆ ಅಶ್ಲೀಲತೆಯ ಆರೋಪ ಬಂದು ನೂರು ರೂಪಾಯಿ ದಂಡವಾಯಿತು. ೧೯೩೪ರಲ್ಲಿ ಎರಡನೆಯ ಮೊಕದ್ದಮೆ. ಈ ಸಲ ಆರೋಪಕ್ಕೆ ಗುರಿಯಾದುದು ವಾಚಕರ ಪ್ರಶ್ನೆಗಳಿಗೆ ಅವರು ಕೊಟ್ಟ ಉತ್ತರಗಳೇ. ಹಸ್ತಮೈಥುನ, ಸಮಲಿಂಗರತಿ ಮೊದಲಾದ ವಿಷಯಗಳು ಅವುಗಳಲ್ಲಿದ್ದವು. ಆರೋಪಿಯ ಪರವಾಗಿ ನಿಂತ ವಕೀಲರು ಡಾ. ಭೀಮರಾವ್ ಅಂಬೇಡ್ಕರ್. ಮೂರು ದುಂಡುಮೇಜಿನ ಪರಿಷತ್ತುಗಳಲ್ಲಿ ಹೆಸರಾಗಿದ್ದ ರಾಷ್ಟ್ರನಾಯಕನೊಬ್ಬನು ಇಂತಹ ಮೊಕದ್ದಮೆಗೆ ನಿಂತನೆಂಬುದೇ ಒಂದು ವಿಶೇಷ.

ಅಂದಿನ ಕಾಯದೆಯೆಂದರೆ ಭಾರತೀಯ ದಂಡಸಂಹಿತೆಯ ೨೯೨ನೆಯ ಕಲಮು. ಅದನ್ನು ಅರ್ಥೈಸಲು ನ್ಯಾಯಾಲಯಗಳು ಹಿಡಿದ ಅಳತೆಗೋಲು ೧೮೬೮ರ ಇಂಗ್ಲೆಂಡಿನ ಹಿಕ್ಲಿನ್ ತೀರ್ಪು. ದುರ್ಬಲ ಮನಸ್ಸಿನವರ ಕೈಗೆ ಬಿದ್ದರೆ ಅವರನ್ನು ಕೆಡಿಸುವ ಪ್ರವೃತ್ತಿಯುಳ್ಳದ್ದೆಲ್ಲವೂ ಅಶ್ಲೀಲವೆಂಬುದು ಅದರ ತಾತ್ಪರ್ಯ. ಈ ಅಳತೆಗೋಲಿನಿಂದ ಅಳೆದರೆ ಯಾವ ವೈದ್ಯಗ್ರಂಥ ಉಳಿದೀತು? ಡಾ. ಅಂಬೇಡ್ಕರರ ವಾದದ ಧಾಟಿ ಹೀಗಿದ್ದಿತು: ಪತ್ರಿಕೆಯ ಉದ್ದೇಶವೇ ಲೈಂಗಿಕ ಶಿಕ್ಷಣ, ವಾಚಕನು ಆ ವಿಷಯದಲ್ಲಿ ಪ್ರಶ್ನೆ ಕೇಳಿದಾಗ ಉತ್ತರಿಸದಿರುವುದಾದರೆ ಪತ್ರಿಕೆಯನ್ನೇ ಮುಚ್ಚಬೇಕಾದೀತು, ಕಾಮವನ್ನು ಕುರಿತು ಬರೆದ ಮಾತ್ರಕ್ಕೆ ಬರಹ ಅಶ್ಲೀಲವಾಗದು. ಸಮಲಿಂಗರತಿಯ ಪ್ರವೃತ್ತಿ ಕೆಲವರಿಗೆ ಹುಟ್ಟಿನಿಂದಲೇ ಬರುವುದೆಂಬುದಕ್ಕೆ ಅವರು ಹ್ಯಾವ್‌ಲಾಕ್ ಎಲ್ಲಿಸನ ಗ್ರಂಥವನ್ನು ಆಧಾರವಾಗಿ ಕೊಟ್ಟರು. ಇಲ್ಲಿ ಒಂದು ಸಂಗತಿಯನ್ನು ನೆನೆಯಬೇಕು. ಇದೇ ಎಲ್ಲಿಸನ ಈ ವಿಷಯದ ಗ್ರಂಥವನ್ನು ಮಾರಿದ ತಪ್ಪಿಗೆ ೧೮೯೮ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಬೆಡ್‌ಬರೋ ಎಂಬವನ ಮೇಲೆ ಇದೇ ಬಗೆಯ ಮೊಕದ್ದಮೆ ಹೂಡಲಾಗಿದ್ದಿತು. ಅಲ್ಲಿ ಆರೋಪಿಯ ಸ್ಥಾನದಲ್ಲಿದ್ದ ಪುಸ್ತಕ ಮೂವತ್ತಾರು ವರ್ಷಗಳ ಬಳಿಕ ಮುಂಬಯಿಯಲ್ಲಿ ಆಧಾರದ ಸ್ಥಾನಕ್ಕೆ ಬಂದಿತು.

ಮೊಕದ್ದಮೆ ಸೋತಿತು. ಕರ್ವೆಯವರಿಗೆ ಇನ್ನೂರು ರೂಪಾಯಿ ದಂಡವಾಯಿತು. ಆದರೆ ಈ ವಿಷಯ ಡಾ. ಅಂಬೇಡ್ಕರರ ಮನಸ್ಸಿನಿಂದ ಮರೆಯಾಗಲಿಲ್ಲ. ೧೯೩೮ರ ನವೆಂಬರಿನಲ್ಲಿ ಮುಂಬಯಿ ವಿಧಾನಸಭೆಯಲ್ಲಿ ಸಂತತಿನಿಯಮನವನ್ನು ಬೆಂಬಲಿಸುವ ಗೊತ್ತುವಳಿಯೊಂದು ಅವರ ಪಕ್ಷದ ಕಡೆಯಿಂದ ಮಂಡಿತವಾಯಿತು. ಪಿ. ಜೆ. ರೋಹಮ್ ಅವರು ಅವರ ಪರವಾಗಿ ಭಾಷಣವನ್ನು ಮಾಡಿದರು. ಹೆರಿಗೆಯ ಭಾರವನ್ನು ಹೊರುವವಳ ಕಡೆಯಿಂದ ವಿಷಯವನ್ನು ನೋಡಬೇಕೆಂಬುದು ಅಲ್ಲಿಯ ವಾದ. ಆ ಗೊತ್ತುವಳಿಯೂ ಬಿದ್ದುಹೋಯಿತು.

ಕನ್ನಡನಾಡಿನ ಕಡೆಗೆ ತಿರುಗಿದರೆ ಈ ಕಥೆಗೆ ವಿಚಿತ್ರವಾದ ಸಮಾನಾಂತರವೊಂದು ಕಾಣುತ್ತದೆ. ಬ್ರಿಟಿಷ್ ಮುಂಬಯಿಯಲ್ಲಿ ಕರ್ವೆಯವರು ಕೋರ್ಟಿನ ಕಟಕಟೆಯನ್ನು ಹತ್ತುವುದಕ್ಕೆ ಒಂದು ವರ್ಷ ಮುಂಚೆ, ೧೯೩೦ರಲ್ಲಿ, ಮೈಸೂರು ಸಂಸ್ಥಾನದ ಸರಕಾರವು ತನ್ನ ಪ್ರಮುಖ ಆಸ್ಪತ್ರೆಗಳಲ್ಲಿ ಸಂತತಿನಿಯಮನ ಕೇಂದ್ರಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಸರಕಾರವೊಂದು ಇಂತಹ ಕೇಂದ್ರಗಳನ್ನು ತೆರೆದುದು ಜಗತ್ತಿನಲ್ಲಿಯೇ ಮೊದಲೆಂದು ಪ್ರಸಿದ್ಧಿ. ಒಂದೆಡೆ ದಂಡ, ಇನ್ನೊಂದೆಡೆ ಆಜ್ಞಾಪತ್ರ. ಇನ್ನೂ ಹಿಂದಕ್ಕೆ ಹೋದರೆ, ಕ್ರಿ. ಶ. ಹನ್ನೊಂದನೆಯ ಶತಮಾನದ ಚಂದ್ರರಾಜನ ‘ಮದನತಿಲಕ’, ಹದಿನೈದನೆಯ ಶತಮಾನದ ಕಲ್ಲರಸನ ‘ಜನವಶ್ಯ’ ಕಾಮಶಾಸ್ತ್ರವನ್ನು ಕನ್ನಡದಲ್ಲಿ ನಿಸ್ಸಂಕೋಚವಾಗಿ ನಿರೂಪಿಸಿದ ಗ್ರಂಥಗಳು. ಹೀಗಿರುವಾಗ ಈ ವಿಷಯವು ನಮ್ಮ ಸಂಪ್ರದಾಯಕ್ಕೆ ಹೊರಗಿನದೆಂಬ ಮಾತು ನಿಲ್ಲಲಾರದು. ಆದರೆ ಒಂದು ಭೇದವನ್ನು ಮರೆಯಬಾರದು. ಆ ಪ್ರಾಚೀನ ಗ್ರಂಥಗಳು ರಸಿಕನಾದ ನಾಗರಿಕನಿಗಾಗಿ ಹುಟ್ಟಿದವು. ಹೆದರಿದವನಿಗೆ, ರೋಗಿಗೆ, ಬಾಣಂತಿಗೆ ಬೇಕಾದ ಉತ್ತರ ಅಲ್ಲಿ ದೊರೆಯದು. ಅಂತಹ ಉತ್ತರವನ್ನು ಕನ್ನಡದಲ್ಲಿ ಮನೆಮನೆಗೆ ಮುಟ್ಟಿಸಿದವರಲ್ಲಿ ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನರನ್ನು ಮೊದಲು ನೆನೆಯಬೇಕು. ಅವರ ‘ದಾಂಪತ್ಯ ದೀಪಿಕೆ’, ‘ತಾಯಿ ಮಗು’ ಎಂಬ ಪುಸ್ತಕಗಳು ಎಷ್ಟೋ ಮನೆಗಳಲ್ಲಿ ಪಂಚಾಂಗದ ಪಕ್ಕದಲ್ಲಿ ಸ್ಥಾನ ಪಡೆದವು.

ಕರ್ವೆಯವರ ಕೊನೆಯ ವರ್ಷಗಳಲ್ಲಿ ದೇಶವು ಅವರ ಮಾತನ್ನು ಒಪ್ಪಿಕೊಂಡಂತೆ ತೋರಿತು. ೧೯೪೯ರಲ್ಲಿ ಇದೇ ಮುಂಬಯಿಯಲ್ಲಿ ಭಾರತ ಕುಟುಂಬ ಯೋಜನಾ ಸಂಘ ಸ್ಥಾಪಿತವಾಯಿತು. ೧೯೫೨ರಲ್ಲಿ ಭಾರತ ಸರಕಾರವು ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವನ್ನಾಗಿ ಅಂಗೀಕರಿಸಿತು. ಅದೇ ಕಾಲದಲ್ಲಿ ಮೈಸೂರು ಸೀಮೆಯ ರಾಮನಗರದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ‘ಸುರಕ್ಷಿತ ದಿನ’ಗಳ ಕ್ರಮವನ್ನು ಹೆಂಗಸರಿಗೆ ಕಲಿಸುವ ಪ್ರಯೋಗ ನಡೆಯಿತು. ದಿನಗಳನ್ನು ಎಣಿಸಲು ಬಣ್ಣಬಣ್ಣದ ಮಣಿಗಳ ಸರವನ್ನು ಅವರ ಕೈಗೆ ಕೊಡಲಾಯಿತು. ಪ್ರಯೋಗ ಫಲಿಸಲಿಲ್ಲ. ಗಂಡನ ಇಷ್ಟಾನಿಷ್ಟಗಳು ಮಣಿಯ ಬಣ್ಣವನ್ನು ನೋಡಿ ನಡೆಯುವುದಿಲ್ಲವೆಂಬುದನ್ನು ಆ ಹೆಂಗಸರನ್ನು ಕೇಳಿದ್ದರೆ ಮೊದಲೇ ತಿಳಿಯುತ್ತಿದ್ದಿತು. ೧೯೫೩ನೆಯ ಅಕ್ಟೋಬರ್ ೧೪ರಂದು ಕರ್ವೆಯವರು ನಿಧನರಾದರು. ಮುಂದಿನ ತಿಂಗಳ ಸಂಚಿಕೆಯೊಡನೆ ಪತ್ರಿಕೆಯೂ ನಿಂತಿತು. ನೂರನಾಲ್ಕು ವರ್ಷ ಬಾಳಿದ ತಂದೆಯವರು ಮಗನ ತರುವಾಯ ಒಂಬತ್ತು ವರ್ಷ ಜೀವಿಸಿ, ೧೯೬೨ರಲ್ಲಿ ದೇಶದ ಪೂಜೆಯ ನಡುವೆ ಕಣ್ಮುಚ್ಚಿದರು. ಮಗನಿಗೆ ಅಂತಹ ಪೂಜೆ ಸಲ್ಲಲಿಲ್ಲ.

ಸರಕಾರವು ಕರ್ವೆಯವರ ಸಾಧನಗಳನ್ನು ಸ್ವೀಕರಿಸಿತು, ಅವರ ರೀತಿಯನ್ನು ಸ್ವೀಕರಿಸಲಿಲ್ಲ ಎಂಬುದೇ ಈ ಲೇಖನದ ಮುಖ್ಯ ಪ್ರತಿಪಾದನೆ. ಕರ್ವೆಯವರಲ್ಲಿ ಪ್ರಶ್ನೆ ಜನರದು, ಉತ್ತರ ಬಲ್ಲವನದು. ಯೋಜನೆಯ ಕಾಲದಲ್ಲಿ ಪ್ರಶ್ನೆಯೂ ಸರಕಾರದ್ದೇ, ಉತ್ತರವೂ ಸರಕಾರದ್ದೇ. ಜನರ ಪಾಲಿಗೆ ಉಳಿದುದು ಅಂಕಿ ಮಾತ್ರ. ಇದರ ಪರಾಕಾಷ್ಠೆ ತುರ್ತುಪರಿಸ್ಥಿತಿಯ ಕಾಲದಲ್ಲಿ ಬಂದಿತು. ೧೯೭೬–೭೭ರ ಒಂದೇ ವರ್ಷದಲ್ಲಿ ಎಂಬತ್ತು ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಎಷ್ಟೋ ಕಡೆಗಳಲ್ಲಿ ಬಲಾತ್ಕಾರವೇ ಅದರ ಉಪಕರಣವಾಗಿದ್ದಿತು. ಬೇಡುವವನಿಗೆ ತಿಳಿವಳಿಕೆಯನ್ನು ಕೊಡುವುದಕ್ಕೂ, ಬೇಡದವನ ಮೇಲೆ ಕತ್ತರಿಯನ್ನು ಪ್ರಯೋಗಿಸುವುದಕ್ಕೂ ಇರುವ ಅಂತರವನ್ನು ದೇಶವು ದುಬಾರಿ ಬೆಲೆ ತೆತ್ತು ಕಲಿಯಿತು.

ಕಾಯದೆಯೂ ನಿಧಾನವಾಗಿ ಹೆಜ್ಜೆಯಿಟ್ಟಿತು. ೧೯೬೪ರಲ್ಲಿ ಮುಂಬಯಿಯ ಪುಸ್ತಕವ್ಯಾಪಾರಿಯೊಬ್ಬರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹಿಕ್ಲಿನ್ ಅಳತೆಗೋಲನ್ನೇ ಎತ್ತಿಹಿಡಿದಿದ್ದಿತು. ೨೦೧೪ರಲ್ಲಿ ಅದನ್ನು ಕೈಬಿಟ್ಟು, ಬರಹವನ್ನು ಸಮಗ್ರವಾಗಿ, ಸಮಕಾಲೀನ ಸಮಾಜದ ಮಟ್ಟದಿಂದ ನೋಡಬೇಕೆಂದಿತು. ೨೦೧೮ರ ಸೆಪ್ಟೆಂಬರ್ ೬ರಂದು ವಯಸ್ಕರ ಪರಸ್ಪರ ಒಪ್ಪಿಗೆಯ ಸಮಲಿಂಗಸಂಬಂಧ ಅಪರಾಧವಲ್ಲವೆಂದೂ, ಅದೇ ತಿಂಗಳ ೨೭ರಂದು ವ್ಯಭಿಚಾರವನ್ನು ದಂಡನೀಯವೆನ್ನುವ ಕಲಮು ಸಂವಿಧಾನಬಾಹಿರವೆಂದೂ ಅದೇ ನ್ಯಾಯಾಲಯ ಸಾರಿತು. ೧೯೩೧ ಮತ್ತು ೧೯೩೪ರಲ್ಲಿ ಕರ್ವೆಯವರು ಯಾವ ಎರಡು ವಿಷಯಗಳ ಮೇಲೆ ಬರೆದು ದಂಡ ತೆತ್ತರೋ ಆ ಎರಡೂ ಒಂದೇ ತಿಂಗಳಲ್ಲಿ ಹೀಗೆ ಇತ್ಯರ್ಥವಾದವು.

ಹಾಗಾದರೆ ಕೆಲಸ ಮುಗಿಯಿತೆ? ೨೦೦೭ರಲ್ಲಿ ಶಾಲೆಯ ಮಕ್ಕಳಿಗೆ ತಾರುಣ್ಯಶಿಕ್ಷಣವನ್ನು ಕೊಡುವ ಕೇಂದ್ರ ಸರಕಾರದ ಕಾರ್ಯಕ್ರಮಕ್ಕೆ ತಡೆಹಾಕಿದ ರಾಜ್ಯಗಳಲ್ಲಿ ನಾವು ಬಿಟ್ಟುಬಂದ ಕರ್ನಾಟಕವೂ, ನಾವು ಬಂದು ಸೇರಿದ ಮಹಾರಾಷ್ಟ್ರವೂ ಎರಡೂ ಇದ್ದವು. ಮಕ್ಕಳು ಕೆಡುತ್ತಾರೆಂಬುದೇ ಕಾರಣ. ೧೮೬೮ರ ಅಳತೆಗೋಲು ನ್ಯಾಯಾಲಯವನ್ನು ಬಿಟ್ಟುಹೋಗುವ ಮೊದಲೇ ಮನೆಗಳಲ್ಲಿ ಭದ್ರವಾಗಿ ನೆಲಸಿದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇಂಗ್ಲಿಷ್ ಬಲ್ಲವನು ತನ್ನ ಸಂದೇಹಕ್ಕೆ ಹೇಗಾದರೂ ಉತ್ತರವನ್ನು ಹುಡುಕಿಕೊಳ್ಳಬಲ್ಲನು. ಮಾತೃಭಾಷೆಯೊಂದನ್ನೇ ಬಲ್ಲವನಿಗೆ ಉಳಿಯುವುದು ಗೆಳೆಯರ ಪಿಸುಮಾತು, ಇಲ್ಲವೆ ಜಾಹೀರಾತಿನ ಗುಳಿಗೆ. ಕರ್ವೆಯವರು ಫ್ರೆಂಚ್ ಇಂಗ್ಲಿಷ್‌ಗಳನ್ನು ಬಲ್ಲವರಾಗಿದ್ದೂ ಮರಾಠಿಯಲ್ಲಿಯೇ ಬರೆದುದರ ಮರ್ಮವಿದು. ಅವರಿಗೆ ಶಿಕ್ಷೆಯಾದುದರ ಮರ್ಮವೂ ಬಹುಶಃ ಅದೇ.

ಈ ದೃಷ್ಟಿಯಿಂದ ನಮ್ಮ ಸಂಶೋಧಕರ ಮುಂದೆ ಒಂದು ಕಾರ್ಯವನ್ನು ಸೂಚಿಸಿ ಈ ಲೇಖನವನ್ನು ಮುಗಿಸಬಹುದು. ಕಳೆದ ನೂರು ವರ್ಷಗಳ ಕನ್ನಡ ಪತ್ರಿಕೆಗಳ ವೈದ್ಯಕೀಯ ಅಂಕಣಗಳನ್ನೂ, ವಾಚಕರ ಪ್ರಶ್ನೆಗಳನ್ನೂ, ಔಷಧದ ಜಾಹೀರಾತುಗಳನ್ನೂ ಕ್ರಮವಾಗಿ ಸಂಗ್ರಹಿಸಿ ಓದಬೇಕು. ಶಾಸನಗಳನ್ನೂ ತಾಳೆಗರಿಗಳನ್ನೂ ಓದುವಲ್ಲಿ ನಾವು ತೋರುವ ಶ್ರದ್ಧೆಯನ್ನೇ ಅಲ್ಲಿಯೂ ತೋರಬೇಕು. ದಾನಶಾಸನದಿಂದ ರಾಜನ ಹೆಸರು ತಿಳಿಯುತ್ತದೆ. ನಮ್ಮ ಅಜ್ಜ ಅಜ್ಜಿಯರು ಯಾವುದಕ್ಕೆ ಹೆದರಿದರು, ಯಾರನ್ನು ಕೇಳಿದರು, ಏನು ಉತ್ತರ ಪಡೆದರು ಎಂಬುದು ಆ ಹಳೆಯ ಪುಟಗಳಿಂದಲೇ ತಿಳಿಯತಕ್ಕದ್ದು.